ಗಂಡ ಹೆಂಡತಿ ಮಲಗುವ ಕೋಣೆಯಲ್ಲಿ ಶಿಲುಬೆ, ಯೇಸುವಿನ ಪವಿತ್ರ ಹೃದಯದ ಚಿತ್ರ ಇಡಬಹುದೇ? ಹೇಗೆ ಅಲಂಕರಿಸುವುದು?

ಕಾಫಿತೋಟ:
ಎಲ್ಲರಿಗೂ ನಮಸ್ಕಾರ. ಮದುವೆಯ ನಂತರ ಬೆಂಗಳೂರಿನಲ್ಲಿ ಬಾಡಿಗೆ ಫ್ಲ್ಯಾಟ್‌ಗೆ ಬಂದಿದ್ದೇವೆ. ಹಾಲ್‌ನಲ್ಲಿ ಸೋಫಾ, ಟಿ.ವಿ., ಯಜಮಾನರ ಕಚೇರಿ ಕೆಲಸದ ಮೇಜು ಕುಳಿತ ಮೇಲೆ ದೇವರ ಪೀಠಕ್ಕೆ ಉಳಿದಿರುವುದು ಚಪ್ಪಲಿ ಗೂಡಿನ ಪಕ್ಕದ ಮೂಲೆ. ಅಲ್ಲಿಡಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಹಾಗಾಗಿ ಮಲಗುವ ಕೋಣೆಯನ್ನೇ ಪ್ರಾರ್ಥನೆಗೆ ಹೊಂದುವಂತೆ ಅಲಂಕರಿಸಬೇಕು ಎಂದುಕೊಂಡಿದ್ದೇನೆ. 10 ಅಡಿಗೆ 11 ಅಡಿ ಕೋಣೆ, ಪಶ್ಚಿಮಕ್ಕೆ ಒಂದು ಕಿಟಕಿ.

ಅತ್ತೆಯವರು ಒಪ್ಪುವುದಿಲ್ಲ. "ಗಂಡ ಹೆಂಡತಿ ಮಲಗುವ ಕಡೆ ಯೇಸು ಪಾಡುಪಟ್ಟ ಶಿಲುಬೆ ಇಡುವವರುಂಟೇ?" ಎಂದು ಫೋನಿನಲ್ಲೇ ಗದರಿದರು. ಯಜಮಾನರದು ಇದಕ್ಕೆ ತದ್ವಿರುದ್ಧ. ಮದುವೆಗೆ ಬಂದ ಪವಿತ್ರ ಹೃದಯದ ಚಿತ್ರಗಳು, ಕೊನೆಯ ಭೋಜನದ ಚಿತ್ರಗಳು, ಬಾಲಯೇಸುವಿನ ಗಡಿಯಾರ, ಮಿಣಮಿಣ ಬೆಳಗುವ ವೇಳಾಂಗಣಿ ಮಾತೆ, ಎಲ್ಲವನ್ನೂ ಹಾಕೋಣ ಎನ್ನುತ್ತಾರೆ. ಕೊಟ್ಟವರು ಮನೆಗೆ ಬಂದು ಕೇಳಿದರೆ ಏನು ಹೇಳುವುದು ಎಂಬುದು ಅವರ ಚಿಂತೆ. ಮನೆ ಮಾಲೀಕರು ಗೋಡೆಗೆ ಒಂದು ಮೊಳೆಯೂ ಹೊಡೆಯಬಾರದು ಎಂದಿದ್ದಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹಳೆಯ ಗಾಯನವೃಂದ:
ಪವಿತ್ರ ಹೃದಯ ಹಾಲ್‌ಗೆ. ಕೊನೆಯ ಭೋಜನ ಊಟದ ಮೇಜಿನ ಮೇಲೆ. ಶಿಲುಬೆ ಮಲಗುವ ಕೋಣೆಗೆ. ಗಡಿಯಾರ ಅತ್ತೆಯವರ ಮನೆಗೆ. ಮುಗಿಯಿತು.

ಕಿನ್ನಿಗೋಳಿ ಅಕ್ಕ:
ಅತ್ತೆಯನ್ನು ಗೇಲಿ ಮಾಡುವ ಮೊದಲು ಅವರು ಏಕೆ ಹಾಗೆ ಹೇಳುತ್ತಾರೆಂದು ಯೋಚಿಸಬೇಕು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಆಲ್ತಾರು, ಅಂದರೆ ದೇವರ ಪೀಠ, ಇದ್ದದ್ದು ಚಾವಡಿಯಲ್ಲಿ. ಸಂಜೆ ಗಂಟೆ ಬಾರಿಸಿದ ಮೇಲೆ ಮನೆಯವರೆಲ್ಲ ಅದರ ಮುಂದೆ ಮೊಣಕಾಲೂರಿ ತೆರ್ಸ್ (ಜಪಸರ ಪ್ರಾರ್ಥನೆ) ಹೇಳುವುದು, ಮುಗಿದ ಮೇಲೆ ಕಿರಿಯರು ಹಿರಿಯರಿಂದ ಆಶೀರ್ವಾದ ಪಡೆಯುವುದು. ಮಲಗುವ ಕೋಣೆಯೆಂದರೆ ಕತ್ತಲೆ ಕೋಣೆ, ಭತ್ತದ ಮುಡಿ, ಹಾಸಿಗೆಯ ಸುರುಳಿ, ಬಾಣಂತಿ. ಅಲ್ಲಿ ದೇವರ ಚಿತ್ರ ಯಾರಿಗೂ ಬೇಕಿರಲಿಲ್ಲ, ಯಾಕೆಂದರೆ ಪ್ರಾರ್ಥನೆ ಒಬ್ಬರೇ ಮಾಡುವ ಕೆಲಸವಾಗಿರಲಿಲ್ಲ. ಅವರ ಮಾತಿನಲ್ಲಿರುವುದು ಮೂಢನಂಬಿಕೆಯಲ್ಲ, ಮರ್ಯಾದೆ.

ಉಪದೇಶಿ:
ಕಿನ್ನಿಗೋಳಿ ಅಕ್ಕನವರ ಮಾತಿನ ಮೊದಲರ್ಧ ಸರಿ. ಆದರೆ ದಾಂಪತ್ಯದ ಕೋಣೆಗೂ ದೇವರಿಗೂ ಮುಜುಗರವಿದೆ ಎಂಬುದು ನಮ್ಮ ಧರ್ಮಸಭೆಯ ಬೋಧನೆಯಲ್ಲ. ವಿವಾಹ ನಮಗೆ ಏಳು ಸಂಸ್ಕಾರಗಳಲ್ಲೊಂದು. ದೇವರ ಪೀಠದ ಮುಂದೆ ಕೈಹಿಡಿದವರು ಮನೆಯೊಳಗೆ ಬಂದು ಕೋಣೆಯ ಬಾಗಿಲು ಮುಚ್ಚಿ ಶಿಲುಬೆಯನ್ನು ಹೊರಗೆ ನಿಲ್ಲಿಸಬೇಕೇ? ಶ್ರೀಗ್ರಂಥದ ತೊಬೀತನ ಪುಸ್ತಕದ 8ನೆಯ ಅಧ್ಯಾಯ ಓದಿ. ಮದುವೆಯ ರಾತ್ರಿ ತೊಬೀಯ ಹಾಸಿಗೆಯಿಂದೆದ್ದು ಸಾರಳನ್ನು ಎಬ್ಬಿಸಿ, ಇಬ್ಬರೂ ನಿಂತು ಪ್ರಾರ್ಥಿಸುತ್ತಾರೆ. ಅದು ಶಯನಗೃಹದಲ್ಲೇ ನಡೆದ ಪ್ರಾರ್ಥನೆ. (ಪ್ರೊಟೆಸ್ಟೆಂಟ್ ಗೆಳೆಯರ ಸತ್ಯವೇದದಲ್ಲಿ ಈ ಪುಸ್ತಕ ಸಿಗುವುದಿಲ್ಲ, ಹುಡುಕಿ ಸುಸ್ತಾಗಬೇಡಿ.)

ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2691ನೆಯ ಪರಿಚ್ಛೇದದಲ್ಲಿ ವೈಯಕ್ತಿಕ ಪ್ರಾರ್ಥನೆಗೆ ಒಂದು 'ಪ್ರಾರ್ಥನೆಯ ಮೂಲೆ' ಇರಬಹುದು, ಅಲ್ಲಿ ಶ್ರೀಗ್ರಂಥವೂ ಪವಿತ್ರ ಚಿತ್ರಗಳೂ ಇರಲಿ ಎಂದಿದೆ. ಗಮನಿಸಿ, ಮೂಲೆ ಎಂದಿದೆ. ನಾಲ್ಕೂ ಗೋಡೆ ಎಂದಿಲ್ಲ. ಯಜಮಾನರಿಗೆ ಇದನ್ನು ಓದಿ ಹೇಳಿ.

ಮೂರನೇ ಮಹಡಿ:
ಅದೆಲ್ಲ ಸರಿ, ಕಾಲು ಯಾವ ಕಡೆ ಚಾಚುವುದು? ನಮ್ಮ ಮನೆಯಲ್ಲಿ ಮಂಚ ತಿರುಗಿಸಲು ಜಾಗವಿಲ್ಲ. ಎದುರು ಗೋಡೆಗೆ ಮರಿಯಮ್ಮನವರ ಚಿತ್ರ ಹಾಕಿದಂದಿನಿಂದ ನನ್ನಮ್ಮ ಊರಿನಿಂದ ಬಂದಾಗಲೆಲ್ಲ ಮೊಣಕಾಲು ಮಡಚಿಕೊಂಡೇ ಮಲಗುತ್ತಾರೆ.

ಉಪದೇಶಿ:
ಕಾಲಿನ ವಿಷಯದಲ್ಲಿ ಧರ್ಮಸಭೆಯ ಕಟ್ಟಳೆ ಏನೂ ಇಲ್ಲ. ಅದು ನಮ್ಮ ನಾಡಿನ ಸಂಸ್ಕಾರ, ಬಿಡಬೇಕೆಂದೇನೂ ಇಲ್ಲ. ಅಮ್ಮನವರ ಮೊಣಕಾಲು ಉಳಿಯಬೇಕಾದರೆ ಚಿತ್ರವನ್ನು ತಲೆಯ ಕಡೆಗೋ ಪಕ್ಕದ ಗೋಡೆಗೋ ಸರಿಸಿ.

ವಾಸ್ತುಮಿತ್ರ:
ಶಿಲುಬೆ ಈಶಾನ್ಯದಲ್ಲಿರಬೇಕು, ಮಲಗುವವರ ತಲೆ ದಕ್ಷಿಣಕ್ಕಿರಬೇಕು. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ.

ಹಳೆಯ ಗಾಯನವೃಂದ:
ಬೆಂಗಳೂರಿನ ಬಾಡಿಗೆ ಫ್ಲ್ಯಾಟ್‌ನಲ್ಲಿ ಈಶಾನ್ಯಕ್ಕೆ ಇರುವುದು ಸಾಮಾನ್ಯವಾಗಿ ಪಕ್ಕದ ಮನೆಯ ಬಚ್ಚಲು.

ಉಪದೇಶಿ:
ಆದಿ ಕ್ರೈಸ್ತರು ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದದ್ದು ನಿಜ. ಉದಯಿಸುವ ಸೂರ್ಯ ಪುನರುತ್ಥಾನಕ್ಕೂ ಕ್ರಿಸ್ತರ ಮರುಬರುವಿಕೆಗೂ ಗುರುತು ಎಂಬ ಕಾರಣಕ್ಕೆ. ಪೂರ್ವದ ಗೋಡೆ ಖಾಲಿಯಿದ್ದರೆ ಅಲ್ಲೇ ಹಾಕಿ, ಸಂತೋಷ. ಆದರೆ ದಿಕ್ಕು ತಪ್ಪಿದರೆ ಕೇಡು ಎಂದು ಹೆದರುವುದು ವಿಶ್ವಾಸಕ್ಕೆ ಸೇರಿದ್ದಲ್ಲ.

ಚೌಕಟ್ಟಿನಂಗಡಿ:
ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಚಿತ್ರಗಳಿಗೆ ಕಟ್ಟು ಹಾಕುವ ಕೆಲಸದಲ್ಲಿದ್ದೇನೆ, ಎಲ್ಲ ಧರ್ಮದ ದೇವರೂ ನನ್ನ ಮೇಜಿನ ಮೇಲೆ ಮಲಗಿ ಎದ್ದವರೇ. ದೇವತಾಶಾಸ್ತ್ರ ನಿಮಗೆ ಬಿಟ್ಟೆ. ನಾನು ಹೇಳುವುದು ಬಿಸಿಲು ಮತ್ತು ತೇವದ ಬಗ್ಗೆ.

ಪಶ್ಚಿಮದ ಕಿಟಕಿ ಎಂದಿರಿ. ಸಂಜೆಯ ಬಿಸಿಲು ನೇರವಾಗಿ ಬೀಳುವ ಗೋಡೆಗೆ ಅಗ್ಗದ ಮುದ್ರಣದ ಚಿತ್ರ ಹಾಕಬೇಡಿ. ಪವಿತ್ರ ಹೃದಯದ ಕೆಂಪು ಮೊದಲು ಬಿಳಿಚುತ್ತದೆ, ನೀಲಿ ಕೊನೆಗೆ ಉಳಿಯುತ್ತದೆ. ಆಮೇಲೆ ಯೇಸುಸ್ವಾಮಿ ಜ್ವರ ಬಂದವರಂತೆ ಕಾಣುತ್ತಾರೆ ಎಂದು ಗಿರಾಕಿಗಳೇ ಬಂದು ದೂರುತ್ತಾರೆ. ಕಾಗದದ ಚಿತ್ರವನ್ನು ಗಾಜಿಗೆ ತಾಗಿಸಿ ಕಟ್ಟು ಹಾಕಿಸಬೇಡಿ. ಮಳೆಗಾಲದಲ್ಲಿ ತೇವ ಒಳಸೇರಿ ಕಾಗದ ಗಾಜಿಗೆ ಅಂಟಿಕೊಂಡರೆ ಬಿಡಿಸಲು ನನ್ನಿಂದಲೂ ಆಗುವುದಿಲ್ಲ. ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ, ಆ ಸಂದು ಸಾಕು. ಹಿಂಬದಿಗೆ ಸಣ್ಣ ರಬ್ಬರ್ ಗುಂಡಿ ಅಂಟಿಸಿದರೆ ಕಟ್ಟು ಗೋಡೆಯಿಂದ ಸ್ವಲ್ಪ ದೂರ ನಿಂತು ಗಾಳಿಯಾಡುತ್ತದೆ. ಕರಾವಳಿಯವರಿಗಂತೂ ಇದು ಕಡ್ಡಾಯ. ಅಲ್ಲಿ ಬೂಷ್ಟು, ಗೆದ್ದಲು ಸಂತರನ್ನೂ ಬಿಡುವುದಿಲ್ಲ.

ಮೂರನೇ ಮಹಡಿ:
ಮೊಳೆಗೆ ಬದಲು ಅಂಟುಪಟ್ಟಿ ಸಿಗುತ್ತದಲ್ಲ? ತಲೆಯ ಮೇಲೆ ಶಿಲುಬೆಯನ್ನು ಅದರಲ್ಲೇ ಅಂಟಿಸಬಹುದು.

ಚೌಕಟ್ಟಿನಂಗಡಿ:
ದಯವಿಟ್ಟು ಬೇಡ. ಸುಣ್ಣ ಉದುರುವ ಗೋಡೆಗೆ ಅಂಟು ನಿಲ್ಲುವುದಿಲ್ಲ. ಹಲಸಿನ ಮರದ ಶಿಲುಬೆಯ ಜೊತೆ ಯೇಸುವಿನ ಹಿತ್ತಾಳೆಯ ಸ್ವರೂಪವೂ (ಪ್ರತಿಮೆ) ಸೇರಿ ರಾತ್ರಿ ಹಣೆಯ ಮೇಲೆ ಬಿದ್ದರೆ ಹೊಲಿಗೆ ಹಾಕಿಸಬೇಕಾಗುತ್ತದೆ. ಮಂಚದ ತಲೆಹಲಗೆಗೆ ಒಂದು ಕಿರುಗೂಡು ಮಾಡಿಸಿ, ಅಥವಾ ಮೂರಡಿ ಎತ್ತರದ ಸಣ್ಣ ಬೀರುವಿನ ಮೇಲೆ ನಿಲ್ಲಿಸುವ ಶಿಲುಬೆ ಇಡಿ. ಮಾಲೀಕರೂ ಸುಮ್ಮನಿರುತ್ತಾರೆ.

ಬೈಬಲ್ ಮಾತ್ರ:
ಎಲ್ಲರೂ ಯಾವ ಗೋಡೆ ಎಂದು ಚರ್ಚಿಸುತ್ತಿದ್ದೀರಿ. ವಿಮೋಚನಕಾಂಡ 20ನೆಯ ಅಧ್ಯಾಯವನ್ನು ಯಾರೂ ಓದಿಲ್ಲವೇ? ವಿಗ್ರಹಗಳನ್ನು ಮಾಡಿಕೊಳ್ಳಬಾರದು ಎಂದು ಸ್ಪಷ್ಟವಾಗಿದೆ.

ಉಪದೇಶಿ:
ಓದಿದ್ದೇವೆ. ಅದೇ ಗ್ರಂಥದ 25ನೆಯ ಅಧ್ಯಾಯದಲ್ಲಿ ಒಡಂಬಡಿಕೆಯ ಮಂಜೂಷದ ಮೇಲೆ ಚಿನ್ನದ ಕೆರೂಬಿಯರನ್ನು ಮಾಡಿಸಲು ದೇವರೇ ಹೇಳುವುದನ್ನೂ ಓದಿದ್ದೇವೆ. ಈ ಜಗಳ 787ರ ಎರಡನೆಯ ನೈಸೀಯ ಮಹಾಸಭೆಯಲ್ಲೇ ಇತ್ಯರ್ಥವಾಯಿತು, 1563ರಲ್ಲಿ ಟ್ರೆಂಟ್ ಮಹಾಸಭೆ ಮತ್ತೆ ಹೇಳಿತು: ಚಿತ್ರಕ್ಕೆ ಸಲ್ಲಿಸುವ ಗೌರವ ಆ ಚಿತ್ರದಲ್ಲಿರುವವರಿಗೆ ಸೇರುತ್ತದೆ, ಬಣ್ಣಕ್ಕೂ ಮರಕ್ಕೂ ಅಲ್ಲ.

ಬೈಬಲ್ ಮಾತ್ರ:
ಕೆರೂಬಿಯರ ಮುಂದೆ ಯಾರೂ ಮೇಣದ ಬತ್ತಿ ಹಚ್ಚಿ ಹರಕೆ ಹೇಳಲಿಲ್ಲ.

ನಿರ್ವಾಹಕ:
ಈ ವಾದಕ್ಕೆ ಬೇರೆ ಎಳೆ ಇದೆ, ನೂರಾರು ಉತ್ತರಗಳೂ ಇವೆ. ಅಲ್ಲಿಗೆ ಹೋಗಿ. ಇಲ್ಲಿ ಕೋಣೆಯ ಅಲಂಕಾರ ಮಾತ್ರ.

ಕುವೈತ್ ದಾದಿ:
ನಿಮ್ಮ ಮಾಲೀಕರು, ಮೊಳೆ, ಮೂಲೆ ಎಲ್ಲ ನೋಡಿ ನಗು ಬಂತು. ಇಲ್ಲಿ ಒಂದು ಕೋಣೆಯಲ್ಲಿ ನಾಲ್ವರಿದ್ದೇವೆ, ನನ್ನ ಪಾಲಿಗೆ ಒಂದು ಮಂಚ ಮತ್ತು ಬೀರುವಿನ ಅರ್ಧ. ಬೀರುವಿನ ಬಾಗಿಲಿನ ಒಳಬದಿಯೇ ನನ್ನ ಪೀಠ. ಅಲ್ಲಿ ದೈವಿಕ ಕರುಣೆಯ ಯೇಸುವಿನ ಅಂಗೈಯಗಲದ ಚಿತ್ರ, ಪಕ್ಕದಲ್ಲಿ ಗರಿಗಳ ಭಾನುವಾರ (ಈಸ್ಟರ್‌ಗೆ ಹಿಂದಿನ ಭಾನುವಾರ) ಚರ್ಚಿನಲ್ಲಿ ಕೊಟ್ಟ ಒಂದು ಎಳೆ ಗರಿ. ರಾತ್ರಿ ಪಾಳಿಗೆ ಸಮವಸ್ತ್ರ ತೆಗೆಯಲು ಬಾಗಿಲು ತೆರೆದಾಗ ಪ್ರಾರ್ಥನೆ, ಬಂದು ಮುಚ್ಚುವಾಗ ಪ್ರಾರ್ಥನೆ. ಜಪಸರ ದಿಂಬಿನ ಚೀಲದೊಳಗೆ. ಬೇರೆ ಧರ್ಮದ ಸಹೋದ್ಯೋಗಿಗಳಿಗೂ ತೊಂದರೆಯಿಲ್ಲ, ನನಗೂ ಕೊರತೆಯಿಲ್ಲ.

ಕಾಫಿತೋಟ:
ಬೀರುವಿನ ಬಾಗಿಲು ನನಗೆ ಹೊಳೆದೇ ಇರಲಿಲ್ಲ. ಧನ್ಯವಾದ ಅಕ್ಕ.

ಗೆರೆಬಣ್ಣ:
ನಾನು ಚಿತ್ರಕಲೆ ಕಲಿಸುತ್ತೇನೆ. ಇಲ್ಲಿಯವರೆಗೆ ಯಾರೂ ಯಾವ ಚಿತ್ರ ಎಂದು ಕೇಳಲೇ ಇಲ್ಲ, ಎಲ್ಲಿ ಎಂದೇ ಕೇಳುತ್ತಿದ್ದೀರಿ. ಮಲಗುವ ಕೋಣೆಯ ಚಿತ್ರವನ್ನು ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ, ರಾತ್ರಿ ಕಣ್ಣು ಮುಚ್ಚುವ ಮೊದಲು ನೋಡುತ್ತೀರಿ. ಮನೆಯಲ್ಲಿ ಅತಿ ಹೆಚ್ಚು ಹೊತ್ತು ನೋಡುವ ಚಿತ್ರ ಅದು. ಆ ಜಾಗಕ್ಕೆ ಉಡುಗೊರೆಯಾಗಿ ಬಂದ ಯಾವುದೋ ಒಂದನ್ನು ತುಂಬುವುದು ನನಗೆ ಸರಿಕಾಣುವುದಿಲ್ಲ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಹೋದವರು ಅಲ್ಲಿನ ಚಾವಣಿಯನ್ನು ಕತ್ತೆತ್ತಿ ನೋಡಿರುತ್ತೀರಿ. ಇಟಲಿಯಿಂದ ಬಂದ ಯೇಸುಸಭೆಯ (ಜೆಸ್ವಿಟ್) ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರಲ್ಲಿ ಆರಂಭಿಸಿ ಕೆಲವೇ ವರ್ಷಗಳಲ್ಲಿ ಮುಗಿಸಿದ ಕೆಲಸ ಅದು. ಅದು ಒಂದು ಬಗೆ. ಇನ್ನೊಂದು ಬಗೆ ಗೋವಾದ ಆಂಜೆಲೊ ದ ಫೊನ್ಸೆಕ (1902–1967) ಅವರದು. ಮರಿಯಮ್ಮನವರಿಗೆ ಸೀರೆ ಉಡಿಸಿ, ನಮ್ಮ ಮನೆಯ ಹೆಣ್ಣುಮಗಳಂತೆ ಬರೆದರು. ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ನೆಲೆಸಿ ಇದೇ ದಾರಿಯಲ್ಲಿ ಬಹಳ ಕೆಲಸ ಮಾಡಿದವರು ಜ್ಯೋತಿ ಸಾಹಿ. ಇಂಥದ್ದೊಂದು ಒಳ್ಳೆಯ ಮುದ್ರಣ ಕೊಂಡು ಹಾಕಿ. ಹಿಂದಿನಿಂದ ಮಿಣಮಿಣ ದೀಪ ಬೇಡ.

ಶಿವಾಜಿನಗರದವ:
ಸೀರೆ ಉಡಿಸಲು ಕಲಾವಿದರೇ ಬರಬೇಕಾಗಿರಲಿಲ್ಲ. ನಮ್ಮ ಶಿವಾಜಿನಗರದ ಸಂತ ಮರಿಯ ಬಸಿಲಿಕ ಚರ್ಚಿನ ಆರೋಗ್ಯ ಮಾತೆ ಮೊದಲಿಂದಲೂ ಸೀರೆಯಲ್ಲೇ ಇದ್ದಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಬಂದು ನೋಡಿ, ಜನ ಸಾಲಿನಲ್ಲಿ ನಿಂತು ಸೀರೆ ಅರ್ಪಿಸುತ್ತಾರೆ.

ಕಿನ್ನಿಗೋಳಿ ಅಕ್ಕ:
ನನಗೆ ನೀಲಿ ಹೊದಿಕೆಯ ಲೂರ್ದು ಮಾತೆಯೇ ಇರಲಿ. ಕಣ್ಣು ಮುಚ್ಚಿದರೆ ಬರುವ ಮುಖ ಅದೇ. ಪದ್ಮಾಸನದ ಯೇಸುವಿನ ಚಿತ್ರವನ್ನು ನಮ್ಮ ತಂಗಿ ಹಾಕಿದ್ದಾಳೆ, ಬಂದವರೆಲ್ಲ ಇವರು ಯಾವ ಸ್ವಾಮೀಜಿ ಎಂದು ಕೇಳುತ್ತಾರೆ.

ಗೆರೆಬಣ್ಣ:
ಲೂರ್ದು ಮಾತೆಗೆ ಇರುವುದು ಬಿಳಿ ಉಡುಪು, ನೀಲಿ ನಡುಪಟ್ಟಿ ಅಕ್ಕ. ನೀಲಿ ಹೊದಿಕೆಯದು ಬೇರೆ ಚಿತ್ರ.

ಕಿನ್ನಿಗೋಳಿ ಅಕ್ಕ:
ನಮ್ಮ ಮನೆಯ ಚಿತ್ರದಲ್ಲಿ ನೀಲಿಯೇ ಇದೆ.

ಚೌಕಟ್ಟಿನಂಗಡಿ:
ಬಿಸಿಲಿಗೆ ಹಾಕಿದ್ದಿರೇನೋ.

ಹಳೆಯ ಗಾಯನವೃಂದ:
ದೈವಿಕ ಕರುಣೆಯ ಚಿತ್ರದಲ್ಲೂ ಈ ಗೊಂದಲವಿದೆ. ಒಂದರಲ್ಲಿ ಯೇಸುವಿನ ಕಣ್ಣು ಕೆಳಗೆ ನೋಡುತ್ತದೆ, ಇನ್ನೊಂದರಲ್ಲಿ ನೇರ. ಯಾವುದು ಸರಿ?

ಗೆರೆಬಣ್ಣ:
ಎರಡೂ ಸರಿ. ಪೋಲೆಂಡಿನ ಸನ್ಯಾಸಿನಿ ಸಂತ ಫೌಸ್ತೀನರು 1931ರಲ್ಲಿ ಕಂಡ ದರ್ಶನದಂತೆ 1934ರಲ್ಲಿ ವಿಲ್ನಿಯಸ್‌ನಲ್ಲಿ ಕಜಿಮಿರೋವ್‌ಸ್ಕಿ ಎಂಬ ಕಲಾವಿದ ಬರೆದದ್ದು ಮೊದಲನೆಯದು. ಅದರಲ್ಲಿ ನೋಟ ಕೆಳಕ್ಕೆ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಆಮೇಲೆ ಅಡಾಲ್ಫ್ ಹಿವ ಎಂಬವರು ಕ್ರಾಕೋವ್‌ಗಾಗಿ ಬರೆದದ್ದು. ನನಗೆ ಮೊದಲನೆಯದೇ ಇಷ್ಟ, ಬಣ್ಣ ಮಂದ, ಕೋಣೆಯಲ್ಲಿ ಕಿರುಚುವುದಿಲ್ಲ.

ವಿಭೂತಿ ಮತ್ತು ಜಪಸರ:
ನಾನು ಲಿಂಗಾಯತ, ಹೆಂಡತಿ ಕಥೋಲಿಕಳು. ಮಂಚದ ಅವಳ ಬದಿಯ ಕಿರುಮೇಜಿನ ಮೇಲೆ ಜಪಸರ, ಶ್ರೀಗ್ರಂಥ, ಸಂತ ಅಂತೋಣಿಯವರ ಸಣ್ಣ ಸ್ವರೂಪ. ನನ್ನ ಬದಿಯಲ್ಲಿ ವಿಭೂತಿ ಗಟ್ಟಿ, ಒಂದು ವಚನ ಸಂಪುಟ. ಗೋಡೆ ಖಾಲಿ ಬಿಟ್ಟಿದ್ದೇವೆ. ಎರಡೂ ಕಡೆಯ ಅಮ್ಮಂದಿರು ಬಂದಾಗ ತಮ್ಮ ತಮ್ಮ ಬದಿಯನ್ನು ಒರೆಸಿ ಹೂವಿಟ್ಟು ಹೋಗುತ್ತಾರೆ. ಕಾಣೆಯಾದ ಬೀಗದ ಕೈಗೆ ಮಾತ್ರ ನಾನೂ ಅಂತೋಣಿಯವರನ್ನೇ ಕೇಳುವುದು.

ಶಿವಾಜಿನಗರದವ:
ಸಿಗುತ್ತದೆಯೇ?

ವಿಭೂತಿ ಮತ್ತು ಜಪಸರ:
ಹೆಂಡತಿ ಹುಡುಕಿಕೊಡುತ್ತಾಳೆ.

ನೇರಳೆ ಬಟ್ಟೆ:
ಖರ್ಚಿಲ್ಲದ ಉಪಾಯ ಹೇಳುತ್ತೇನೆ. ಶಿಲುಬೆಯ ಕೆಳಗೆ ಹಾಸುವ ಬಟ್ಟೆಯನ್ನು ಚರ್ಚಿನ ಪೂಜೆಯಲ್ಲಿ ಆಯಾ ಕಾಲಕ್ಕೆ ಬಳಸುವ ಬಣ್ಣಕ್ಕೆ ತಕ್ಕಂತೆ ಬದಲಿಸಿ. ಸಾಧಾರಣ ಕಾಲಕ್ಕೆ ಹಸಿರು, ಆಗಮನ ಕಾಲಕ್ಕೂ (ಕ್ರಿಸ್ಮಸ್‌ಗೆ ಮುಂಚಿನ ವಾರಗಳು) ತಪಸ್ಸು ಕಾಲಕ್ಕೂ (ಈಸ್ಟರ್‌ಗೆ ಮುಂಚಿನ ವಾರಗಳು) ನೇರಳೆ, ಕ್ರಿಸ್ಮಸ್ ಮತ್ತು ಈಸ್ಟರ್‌ಗೆ ಬಿಳಿ, ಪವಿತ್ರಾತ್ಮರ ಹಬ್ಬವಾದ ಪೆಂತೆಕೋಸ್ತಿಗೂ ರಕ್ತಸಾಕ್ಷಿಗಳ ಹಬ್ಬಕ್ಕೂ ಕೆಂಪು. ದರ್ಜಿಯ ಬಳಿ ಉಳಿದ ರವಿಕೆ ತುಂಡು ಸಾಕು. ಆಗಮನ ಕಾಲದ ಮೂರನೆಯ ಭಾನುವಾರಕ್ಕೂ ತಪಸ್ಸು ಕಾಲದ ನಾಲ್ಕನೆಯ ಭಾನುವಾರಕ್ಕೂ ಗುಲಾಬಿ ಬಣ್ಣ ಹಾಸುವಷ್ಟು ಉತ್ಸಾಹ ನನ್ನದು. ಮನೆಯವರು ನಗುತ್ತಾರೆ, ಆದರೆ ಬಟ್ಟೆ ಬದಲಿಸಲು ತಡವಾದರೆ ಮೊದಲು ಕೇಳುವವರೂ ಅವರೇ.

ಗರಿಗಳ ಭಾನುವಾರದ ಗರಿಯನ್ನು ಶಿಲುಬೆಯ ಹಿಂದೆ ಸಿಕ್ಕಿಸಿಡಿ. ಒಣಗಿದ್ದನ್ನು ತಪಸ್ಸು ಕಾಲ ಶುರುವಾಗುವ ಮುಂದಿನ ಬೂದಿ ಬುಧವಾರಕ್ಕೆ ಮುಂಚೆ ಚರ್ಚಿಗೆ ಕೊಟ್ಟರೆ ಸುಟ್ಟು ಬೂದಿಗೆ ಬಳಸುತ್ತಾರೆ. ಆಗ ಜಿರಲೆಯೂ ಸೇರುವುದಿಲ್ಲ.

ಮೂರನೇ ಮಹಡಿ:
ಪವಿತ್ರ ಹೃದಯದ ಮುಂದೆ ಕೆಂಪು ಜೀರೋ ಬಲ್ಬು ರಾತ್ರಿಯಿಡೀ ಉರಿಯಬೇಕೇ? ನನಗೆ ನಿದ್ದೆ ಬರುವುದಿಲ್ಲ.

ಹಳೆಯ ಗಾಯನವೃಂದ:
ಉರಿಯಲೇಬೇಕೆಂಬ ನಿಯಮವಿಲ್ಲ. ಆರದ ದೀಪ ಚರ್ಚಿನಲ್ಲಿ ಪರಮ ಪ್ರಸಾದದ ಪೆಟ್ಟಿಗೆಯ ಬಳಿ ಇರಬೇಕಾದದ್ದು. ಮನೆಯ ಚಿತ್ರಕ್ಕಲ್ಲ. ಇನ್ನೊಂದು ವಿಷಯ, ಜೀರೋ ಎಂದು ಕರೆಯುವ ಹಳೆಯ ತಂತಿಯ ಬಲ್ಬು 15 ವ್ಯಾಟ್‌ನಷ್ಟು ಎಳೆಯುತ್ತದೆ. ಹಗಲೂ ರಾತ್ರಿ ಉರಿಸಿದರೆ ತಿಂಗಳಿಗೆ ಸುಮಾರು 11 ಯೂನಿಟ್. ಅರ್ಧ ವ್ಯಾಟ್‌ನ ಎಲ್‌ಇಡಿ ಹಾಕಿದರೆ ಅರ್ಧ ಯೂನಿಟ್ಟೂ ಆಗುವುದಿಲ್ಲ.

ಕಿನ್ನಿಗೋಳಿ ಅಕ್ಕ:
ದೇವರ ಮುಂದೆ ಯೂನಿಟ್ ಲೆಕ್ಕ!

ಹಳೆಯ ಗಾಯನವೃಂದ:
ಬಿಲ್ಲು ಬರುವುದು ನನ್ನ ಹೆಸರಿಗೆ ಅಕ್ಕ.

ನೇರಳೆ ಬಟ್ಟೆ:
ಬಲ್ಬು ಇರಲಿ, ಮಲಗುವ ಕೋಣೆಯಲ್ಲಿ ಮೇಣದ ಬತ್ತಿ ಹಚ್ಚುವವರು ಎಚ್ಚರ. ಸೊಳ್ಳೆ ಪರದೆ, ಕಿಟಕಿ ಪರದೆ ಎರಡೂ ಕೈಗೆಟುಕುವಷ್ಟು ಹತ್ತಿರವಿರುತ್ತವೆ. ಪ್ರಾರ್ಥನೆ ಮುಗಿದ ತಕ್ಷಣ ಆರಿಸಿ, ನಿದ್ದೆಗೆ ಬಿಡಬೇಡಿ.

ಉಪದೇಶಿ:
ಪವಿತ್ರ ಹೃದಯದ ಬಗ್ಗೆ ಒಂದು ಮಾತು. ಮನೆಯಲ್ಲಿ ಅದನ್ನು ಪ್ರತಿಷ್ಠಾಪಿಸುವ ಪದ್ಧತಿಯನ್ನು 1907ರಿಂದ ಊರೂರಿಗೆ ಹರಡಿದವರು ಪೆರು ದೇಶದ ಫಾದರ್ ಮತೆಯೊ ಕ್ರಾಲಿ. ಕ್ರಿಸ್ತರೇ ಈ ಕುಟುಂಬದ ಅರಸರು ಎಂದು ಸಾರುವುದು ಅದರ ಉದ್ದೇಶ, ಹಾಗಾಗಿಯೇ ಬಂದವರಿಗೆಲ್ಲ ಕಾಣುವ ಮುಖ್ಯ ಜಾಗ. ಹಾಲ್‌ನಲ್ಲಿ ಟಿ.ವಿ.ಯ ಮೇಲಿನ ಗೋಡೆ ಖಾಲಿಯಿದ್ದರೆ ಅದನ್ನು ಅಲ್ಲೇ ನಿಲ್ಲಿಸಿ. ಟಿ.ವಿ. ನೋಡುವ ಹೊತ್ತೂ ಕಡಿಮೆಯಾಗಬಹುದು.

ಮಲಗುವ ಕೋಣೆಗೆ ನನ್ನ ಆಯ್ಕೆ ಶಿಲುಬೆ ಮತ್ತು ಮಲಗಿರುವ ಸಂತ ಜೋಸೆಫರು. ಮತ್ತಾಯನ ಶುಭಸಂದೇಶದಲ್ಲಿ ಜೋಸೆಫರು ಒಂದೂ ಮಾತಾಡುವುದಿಲ್ಲ, ದೇವರು ಅವರೊಡನೆ ಮಾತಾಡುವುದು ಕನಸಿನಲ್ಲಿ. ಪೋಪ್ ಫ್ರಾನ್ಸಿಸ್ 2015ರ ಜನವರಿಯಲ್ಲಿ ಮನಿಲಾದಲ್ಲಿ ಕುಟುಂಬಗಳ ಮುಂದೆ ಮಾತಾಡುತ್ತಾ, ತಮ್ಮ ಮೇಜಿನ ಮೇಲೆ ಆ ಸ್ವರೂಪವಿದೆ, ತೊಡಕು ಬಂದಾಗ ಚೀಟಿಯಲ್ಲಿ ಬರೆದು ಅದರ ಕೆಳಗಿಡುತ್ತೇನೆ ಎಂದಿದ್ದರು. ಅಂದಿನಿಂದ ಆ ಸ್ವರೂಪಕ್ಕೆ ಬೇಡಿಕೆ ಏರಿತು. ಸಾಲದ ಕಂತು, ಮಗುವಿನ ಜ್ವರ, ಮಾಲೀಕರ ಕಿರಿಕಿರಿ, ಬರೆದಿಟ್ಟು ಮಲಗಿ.

ಕಾಫಿತೋಟ:
ಎಲ್ಲವನ್ನೂ ಯಜಮಾನರಿಗೆ ಓದಿ ಹೇಳಿದೆ. ಶಿಲುಬೆ ಮತ್ತು ಜೋಸೆಫರಿಗೆ ಒಪ್ಪಿದರು. ಗಡಿಯಾರವನ್ನು ಮಾತ್ರ ಬಿಟ್ಟುಕೊಡುವುದಿಲ್ಲವಂತೆ. ಸೋದರಮಾವ ಕೊಟ್ಟದ್ದು, ಅಡುಗೆಮನೆಗೆ ಹೋಗುತ್ತದೆ. ಅತ್ತೆಯವರಿಗೆ ತೊಬೀತನ ಕಥೆಯನ್ನು ಅವರ ಮಗನೇ ಹೇಳಲಿ, ನಾನು ಹೇಳಿದರೆ ಪಾಠ ಹೇಳಿದಂತಾಗುತ್ತದೆ.

ಇನ್ನೊಂದು ಪ್ರಶ್ನೆ. ಸಾಮಾನು ಸಾಗಿಸುವಾಗ ಒಂದು ಪವಿತ್ರ ಹೃದಯದ ಸ್ವರೂಪದ ಕೈ ಮುರಿದಿದೆ. ಮಂತ್ರಿಸಿದ್ದು. ಕಸಕ್ಕೆ ಹಾಕಲು ಧೈರ್ಯವಿಲ್ಲ.

ಉಪದೇಶಿ:
ಕಸಕ್ಕೆ ಬೇಡ. ಆಶೀರ್ವದಿಸಿದ ವಸ್ತುಗಳು ಖಾಸಗಿಯವರ ಕೈಯಲ್ಲಿದ್ದರೂ ಗೌರವದಿಂದ ನಡೆಸಿಕೊಳ್ಳಬೇಕು ಎಂದು ಧರ್ಮಸಭೆಯ ಕಾನೂನಿನ 1171ನೆಯ ಕಲಮು ಹೇಳುತ್ತದೆ. ಕಾಗದ, ಮರವಾದರೆ ಸುಡುವುದು, ಮಣ್ಣು, ಗಾರೆಯಾದರೆ ಹೂಳುವುದು ರೂಢಿ. ಫ್ಲ್ಯಾಟ್‌ನವರಾದರೆ ಧರ್ಮಕೇಂದ್ರದ ಗುರುಗಳಿಗೆ ಕೊಡಿ. ಅಥವಾ ಒಳ್ಳೆಯ ಅಂಟು ತಂದು ಕೈ ಜೋಡಿಸಿ, ಮುರಿದದ್ದು ಮನೆಯಲ್ಲಿದ್ದರೆ ಅಪಶಕುನ ಎಂಬುದೆಲ್ಲ ನಮ್ಮದಲ್ಲ.

ಶಿವಾಜಿನಗರದವ:
ಜನ ಅದನ್ನೂ ಮಾಡುವುದಿಲ್ಲ. ನಮ್ಮ ರಸ್ತೆಯ ಅಶ್ವತ್ಥ ಕಟ್ಟೆಯಲ್ಲಿ ಗಾಜೊಡೆದ ಲಕ್ಷ್ಮಿ, ಗಣಪತಿಯರ ಪಕ್ಕದಲ್ಲಿ ಈಗ ಬಾಲಯೇಸುವೂ ಕುಳಿತಿದ್ದಾರೆ. ಯಾರು ಇಟ್ಟರೋ ತಿಳಿಯದು. ಹೂವು ಮಾರುವಾಕೆ ಎಲ್ಲರಿಗೂ ಸಮನಾಗಿ ಒಂದೊಂದು ಸೇವಂತಿಗೆ ಇಡುತ್ತಾಳೆ.

ಚೌಕಟ್ಟಿನಂಗಡಿ:
ಗಾಜೊಡೆದರೆ ಗಾಜು ಬದಲಿಸಬಹುದು ಮಾರಾಯರೇ. ಚಿತ್ರಕ್ಕೇನಾಗಿರುತ್ತದೆ?

ಕಿನ್ನಿಗೋಳಿ ಅಕ್ಕ:
ಕಾಫಿತೋಟ, ಮೊಂತಿ ಹಬ್ಬಕ್ಕೆ (ಸೆಪ್ಟೆಂಬರ್ 8ರ ಮರಿಯಮ್ಮನವರ ಜನ್ಮದಿನ, ನಮ್ಮ ಕಡೆಯ ತೆನೆ ಹಬ್ಬ) ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆ ಕೊಡುತ್ತಾರಲ್ಲ, ಅದನ್ನು ಶಿಲುಬೆಯ ಬಳಿ ಇಡಲು ಜಾಗ ಬಿಡಿ. ಕೆಲವು ಕಾಳು ಸುಲಿದು ಪಾಯಸಕ್ಕೆ ಹಾಕಿ, ಉಳಿದ ತೆನೆ ವರ್ಷವಿಡೀ ಅಲ್ಲೇ ಇರಲಿ. ಅತ್ತೆಯವರು ಬಂದಾಗ ಮೊದಲು ನೋಡುವುದು ಅದನ್ನೇ. ಆ ದಿನ ಮೀನು ಮಾಂಸ ಇಲ್ಲ, ತರಕಾರಿಗಳ ಸಂಖ್ಯೆ ಬೆಸವಾಗಿರಬೇಕು.

ಮೂರನೇ ಮಹಡಿ:
ನಾವು ಕಳೆದ ಸಲ ಎಂಟು ಬಗೆ ಮಾಡಿದೆವು. ಉಪ್ಪಿನಕಾಯಿ ಸೇರಿಸಿ ಒಂಬತ್ತು ಎನ್ನಬಹುದಲ್ಲವೇ?

ಕಿನ್ನಿಗೋಳಿ ಅಕ್ಕ:
ಉಪ್ಪಿನಕಾಯಿ ಲೆಕ್ಕಕ್ಕಿಲ್ಲ.

ಹಳೆಯ ಗಾಯನವೃಂದ:
ನಮ್ಮ ಮನೆಯಲ್ಲಿ ಲೆಕ್ಕಕ್ಕಿದೆ.